ಹಿಟ್ಟಿನ ಕೋಳಿ ಮತ್ತು ಕೊಲೆಯ ನ್ಯಾಯ: ಜನ್ನನ ಕಾವ್ಯಗಳಲ್ಲಿ ಅಪರಾಧವಿಚಾರ

ಜನ್ನನ ಯಶೋಧರ ಚರಿತೆಯ ಮೇಲೆ ಹಳೆಯದೊಂದು ಆಕ್ಷೇಪಣೆಯುಂಟು. ಆ ಕಾವ್ಯದ ನಾಯಕನು ಕೊಯ್ದದ್ದು ಹಿಟ್ಟಿನ ಕೋಳಿಯನ್ನು. ಅದನ್ನೂ ತಾನಾಗಿ ಬಯಸಿ ಕೊಯ್ದವನಲ್ಲ, ತಾಯಿಯ ಒತ್ತಾಯಕ್ಕೆ ಕಟ್ಟುಬಿದ್ದು ಕೊಯ್ದವನು. ಅಷ್ಟು ಮಾತ್ರಕ್ಕೆ ಅವನೂ ಅವನ ತಾಯಿ ಚಂದ್ರಮತಿಯೂ ನವಿಲು ನಾಯಿಗಳಾಗಿ, ಮುಳ್ಳುಹಂದಿ ಹಾವುಗಳಾಗಿ, ಮೀನು ಮೊಸಳೆಗಳಾಗಿ, ಆಡುಗಳಾಗಿ, ಕಡೆಗೆ ಎರಡು ಕೋಳಿಗಳಾಗಿ ಹುಟ್ಟಿ ಹುಟ್ಟಿ ಕೊಲೆಗೊಳ್ಳಬೇಕಾಯಿತು. ತನ್ನ ಶ್ರಾದ್ಧದ ಅಡುಗೆಗೆ ತಾನೇ ಮಾಂಸವಾಗುವ ಗತಿಯೂ ಯಶೋಧರನಿಗೆ ಒದಗಿತು. ಇಷ್ಟು ದೊಡ್ಡ ದಂಡನೆಗೆ ಅಪರಾಧವೆಲ್ಲಿ? ಎರಡು ಜೀವಗಳನ್ನು ನಿಜವಾಗಿ ವಿಷವಿಟ್ಟು ತೆಗೆದವಳು ಅಮೃತಮತಿ. ಅವಳ ನರಕವನ್ನು ಕವಿ ಸ್ವಲ್ಪದರಲ್ಲಿ ಮುಗಿಸಿ, ಹಿಟ್ಟನ್ನು ಕೊಯ್ದವನ ಭವಾವಳಿಗೆ ಕಾವ್ಯದ ಬಹುಭಾಗವನ್ನು ಕೊಟ್ಟಿದ್ದಾನೆ. ಮತಬೋಧೆಯ ಅವಸರದಲ್ಲಿ ಕವಿಯು ನ್ಯಾಯದ ತಕ್ಕಡಿಯನ್ನು ಮರೆತನೆಂದು ಹೇಳುವವರು ಹೇಳುತ್ತ ಬಂದಿದ್ದಾರೆ.

ಈ ಆಕ್ಷೇಪಣೆಗೆ ಜೈನಮತದ ಕರ್ಮಸಿದ್ಧಾಂತವನ್ನು ತೋರಿಸಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಅದು ಉತ್ತರವಾಗಲಾರದು. ಸಿದ್ಧಾಂತವನ್ನು ಒಪ್ಪದವನೂ ಕಾವ್ಯವನ್ನು ಓದುತ್ತಾನೆ. ಅವನ ಮನಸ್ಸಿಗೆ ಈ ದಂಡನೆ ಸರಿಯೆಂದು ತೋರದಿದ್ದರೆ ಕಾವ್ಯವು ಅಷ್ಟರಮಟ್ಟಿಗೆ ಸೋತಂತೆಯೇ. ಆದುದರಿಂದ ಜನ್ನನು ಕೊಲೆಯೆಂದರೆ ಏನೆಂದು ತಿಳಿದಿದ್ದನೆಂಬುದನ್ನು ಕಾವ್ಯದ ಒಳಗಿನಿಂದಲೇ ಕಂಡುಕೊಳ್ಳಬೇಕಾಗಿದೆ. ಅದಕ್ಕೆ ಹೊರಗಿನ ಒಂದು ಅಳತೆಗೋಲು ದೊರೆತರೆ ಅನುಕೂಲ. ಕೊಂದವನ ಮನಸ್ಸಿನ ಸ್ಥಿತಿಯನ್ನು ನೋಡಿ ಕೊಲೆಯನ್ನು ಬಗೆಬಗೆಯಾಗಿ ವಿಂಗಡಿಸುವ ಕೆಲಸದಲ್ಲಿ ನಾಲ್ಕು ಶತಮಾನಗಳಿಗೂ ಮೀರಿ ತೊಡಗಿರುವುದು ಇಂಗ್ಲೆಂಡಿನ ದಂಡನ್ಯಾಯ. ಭಾರತದ ನ್ಯಾಯಾಲಯಗಳಲ್ಲಿ ನಡೆಯುವ ಕಾನೂನಿಗೂ ಅದೇ ಮೂಲವಾದ್ದರಿಂದ ಆ ಅಳತೆಗೋಲು ಕನ್ನಡಿಗರಿಗೆ ಪರಕೀಯವೂ ಅಲ್ಲ.

ಆ ನ್ಯಾಯದಲ್ಲಿ ಮರ್ಡರ್ ಎಂಬುದೊಂದು, ಮ್ಯಾನ್‌ಸ್ಲಾಟರ್ ಎಂಬುದೊಂದು. ಮೊದಲನೆಯದನ್ನು ಕೊಲೆಯೆಂದೂ ಎರಡನೆಯದನ್ನು ನರಹತ್ಯೆಯೆಂದೂ ಇಲ್ಲಿ ಕರೆಯಬಹುದು. ಎರಡರಲ್ಲಿಯೂ ಮನುಷ್ಯನೊಬ್ಬನು ಅನ್ಯಾಯವಾಗಿ ಸತ್ತಿರುತ್ತಾನೆ. ಭೇದವಿರುವುದು ಸತ್ತವನಲ್ಲಲ್ಲ, ಕೊಂದವನ ಚಿತ್ತದಲ್ಲಿ. ಮೊದಲೇ ನೆಲೆಗೊಂಡ ದುರುದ್ದೇಶದಿಂದ ಕೊಂದರೆ ಕೊಲೆ. ತಡೆಯಲಾರದ ಉದ್ರೇಕದಲ್ಲಿ ಕೊಂದರೆ, ಅಥವಾ ಸಾವನ್ನು ಬಯಸದೆ ಅಪಾಯಕರವಾದ ಅಕ್ರಮವನ್ನು ಮಾಡಿದ್ದರಿಂದಲೋ ಮಿತಿಮೀರಿದ ಅಜಾಗರೂಕತೆಯಿಂದಲೋ ಸಾವು ಉಂಟಾದರೆ ನರಹತ್ಯೆ. ಈ ಭೇದವು ಶಾಸ್ತ್ರಕಾರರ ವಿವೇಕದಿಂದ ಹುಟ್ಟಿದ್ದೆನ್ನುವುದಕ್ಕಿಂತ ಕೊರಳು ಉಳಿಸಿಕೊಳ್ಳುವ ಅಗತ್ಯದಿಂದ ಬಲಿಯಿತೆನ್ನುವುದು ಚರಿತ್ರೆಗೆ ಹತ್ತಿರ. ಓದುಬರಹ ಬಲ್ಲವರಿಗೆಂದು ಚರ್ಚಿನ ಹೆಸರಿನಲ್ಲಿ ಸಲ್ಲುತ್ತಿದ್ದ ವಿನಾಯಿತಿಯನ್ನು 16ನೆಯ ಶತಮಾನದ ಶಾಸನಗಳು ಪೂರ್ವಸಂಕಲ್ಪಿತ ಕೊಲೆಗೆ ಇಲ್ಲವೆಂದು ಮಾಡಿದವು. ಅಲ್ಲಿಂದ ಮುಂದೆ ಕೊಲೆಯಾದರೆ ನೇಣು. ನರಹತ್ಯೆಯಾದರೆ ಹೆಬ್ಬೆರಳಿನ ಬುಡದಲ್ಲಿ ಬರೆ. ಮನಸ್ಸಿನ ಒಂದು ಎಳೆಯ ಮೇಲೆ ಪ್ರಾಣವೇ ತೂಗಾಡುತ್ತಿದ್ದುದರಿಂದ ಆ ಎಳೆಯನ್ನು ನ್ಯಾಯಾಧೀಶರು ಬಹಳ ಸೂಕ್ಷ್ಮವಾಗಿ ಸೀಳಿದರು.

ಭಾರತದಲ್ಲಿ ಮೆಕಾಲೆಯ ಆಯೋಗವು 1837ರಲ್ಲಿ ಕರಡನ್ನು ಒಪ್ಪಿಸಿತು. ಅದು ತಿದ್ದುಪಡಿ ಹೊಂದಿ 1860ರಲ್ಲಿ ದಂಡಸಂಹಿತೆಯಾಯಿತು. ಅದರ 299ನೆಯ ಮತ್ತು 300ನೆಯ ಕಲಮುಗಳು ದಂಡನಾರ್ಹ ನರಹತ್ಯೆಯನ್ನೂ ಕೊಲೆಯನ್ನೂ ವಿವರಿಸುತ್ತಿದ್ದವು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅವೇ 100 ಮತ್ತು 101ನೆಯ ಕಲಮುಗಳಾಗಿವೆ. ಸಂಹಿತೆಯನ್ನು ಬಹುವಾಗಿ ಹೊಗಳಿದ ಸ್ಟೀಫನ್ನನೇ ಈ ಎರಡು ಲಕ್ಷಣಗಳು ಅದರ ಅತ್ಯಂತ ದುರ್ಬಲ ಭಾಗವೆಂದು ಬರೆದನು. ಎರಡು ಲಕ್ಷಣಗಳೂ ಒಂದರ ಮೇಲೊಂದು ಬಿದ್ದು ಅಂಚು ತೋರುವುದಿಲ್ಲವೆಂಬುದು ನಿಜ.

ಕನ್ನಡದ ಆಡುಮಾತಿನಲ್ಲಿ ಈ ಅಂಚು ಇನ್ನೂ ಮಸುಕಾಗಿದೆ. ಕೊಲೆ, ಖೂನಿ, ಹತ್ಯೆ, ವಧೆ ಎಂದು ಶಬ್ದಗಳೇನೋ ಹಲವು. ಆದರೆ ಅವು ಚಿತ್ತಭೇದವನ್ನು ಸೂಚಿಸವು. ಕೋಲಾರದ ಚಿನ್ನದ ಗಣಿಗಳ ನೆರೆಯಲ್ಲಿರುವ ಕ್ಯಾಸಂಬಳ್ಳಿಯಂತಹ ಊರಿನಲ್ಲಿ ಜನ್ನನ ಕಾವ್ಯಭಾಗವನ್ನು ಪಾಠ ಹೇಳುವ ಉಪಾಧ್ಯಾಯನಿಗೆ ಈ ತೊಡಕು ಚೆನ್ನಾಗಿ ತಿಳಿದಿರಬೇಕು. (ಮೈಸೂರಿನ ಮೊದಲ ಮುಖ್ಯಮಂತ್ರಿಗಳಾದ ಕೆ. ಚೆಂಗಲರಾಯ ರೆಡ್ಡಿಯವರ ಹೆಸರಿನ ಮೊದಲಕ್ಷರ ಈ ಊರಿನದು, ಅವರು ವಕೀಲರಾಗಿದ್ದವರು.) ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಆ ಸೀಮೆಯಲ್ಲಿ ಗಣಿಗಳು 2001ರಲ್ಲಿ ಮುಚ್ಚುವವರೆಗೆ ನೆಲದಡಿಯ ಸಾವೆಂಬುದು ಮನೆಮನೆಯ ತಿಳಿವಳಿಕೆಯಾಗಿತ್ತು. ಬಂಡೆಯು ಒತ್ತಡದಿಂದ ತಾನಾಗಿ ಸಿಡಿದು ಒಬ್ಬನು ಸತ್ತರೆ ಅದು ವಿಧಿ. ಸಿಡಿಮದ್ದಿಗೆ ಕಿಚ್ಚಿಡುವವನು ಎಚ್ಚರಿಕೆ ಕೊಡದೆ ಒಬ್ಬನು ಸತ್ತರೆ ಅದು ಅಜಾಗರೂಕತೆ; ಅದಕ್ಕೆಂದೇ ದಂಡಸಂಹಿತೆಗೆ 1870ರಲ್ಲಿ 304ಎ ಎಂಬ ಕಲಮು ಸೇರಿತು. ಹಗೆಯಿಂದ ಒಬ್ಬನನ್ನು ಕೂಪಕ್ಕೆ ತಳ್ಳಿದರೆ ಅದು ಕೊಲೆ. ಮೂರರಲ್ಲಿಯೂ ಮೇಲಕ್ಕೆ ಬರುವ ಶವವೊಂದೇ. ಶವವನ್ನು ನೋಡಿ ಅಪರಾಧವನ್ನು ಹೇಳಲಾಗದೆಂಬುದನ್ನು ಆ ಸೀಮೆಯ ವಿದ್ಯಾರ್ಥಿಗೆ ಬೇರೆ ವಿವರಿಸಬೇಕಾಗಿಲ್ಲ.

ಇದೇ ಮಾತನ್ನು ಜೈನಶಾಸ್ತ್ರವು ಬಹಳ ಹಿಂದೆಯೇ ಹೇಳಿತ್ತು. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಾಣಹರಣ ಮಾತ್ರವೇ ಹಿಂಸೆಯಲ್ಲ. ಪ್ರಮಾದಕ್ಕೆ ಒಳಗಾದವನು ಮಾಡಿದ ಪ್ರಾಣಹರಣವು ಹಿಂಸೆ. ಎಚ್ಚರದಿಂದ ಹೆಜ್ಜೆಯಿಡುವ ಯತಿಯ ಕಾಲಡಿಗೆ ಹುಳುವೊಂದು ಬಂದು ಸತ್ತರೆ ಅವನಿಗೆ ಬಂಧವಿಲ್ಲ. ಎಚ್ಚರವಿಲ್ಲದವನಿಗೆ ಹುಳು ಸಾಯದಿದ್ದರೂ ಬಂಧವುಂಟು. ಈ ಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವ್ಯಾಖ್ಯಾನವನ್ನು ರಚಿಸಿದ ಪೂಜ್ಯಪಾದನನ್ನು ಪರಂಪರೆಯು ಗಂಗರಾಜರ ಕಾಲಕ್ಕೆ ಸೇರಿಸುತ್ತದೆ. ಗಂಗರು ತಮ್ಮನ್ನು ಕುವಲಾಲಪುರದ ಒಡೆಯರೆಂದು ಕರೆದುಕೊಂಡವರು, ಆ ಕುವಲಾಲವೇ ಇಂದಿನ ಕೋಲಾರ. ಅದೇ ಸೂತ್ರಗ್ರಂಥವು ಪಾಪಕಾರ್ಯವನ್ನು ಸಂರಂಭ, ಸಮಾರಂಭ, ಆರಂಭವೆಂದು ಮೂರು ಹಂತವಾಗಿ ಒಡೆಯುತ್ತದೆ. ಸಂರಂಭವು ಮನಸ್ಸಿನ ನಿಶ್ಚಯ. ಸಮಾರಂಭವು ಸಾಧನಗಳ ಸಿದ್ಧತೆ. ಆರಂಭವು ಕೃತ್ಯದ ತೊಡಗುವಿಕೆ. ಇವನ್ನು ಮನೋವಾಕ್ಕಾಯಗಳೆಂಬ ಮೂರರಿಂದಲೂ, ತಾನು ಮಾಡಿದುದು, ಮಾಡಿಸಿದುದು, ಒಪ್ಪಿದುದು ಎಂಬ ಮೂರರಿಂದಲೂ, ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಭೇದಗಳಾಗುತ್ತವೆ. ಇಂಗ್ಲಿಷ್ ನ್ಯಾಯಶಾಸ್ತ್ರವು ಉದ್ದೇಶ, ಸಿದ್ಧತೆ, ಪ್ರಯತ್ನವೆಂದು ಒಡೆಯುವುದೂ ಸುಮಾರಾಗಿ ಇದೇ ಮೂರು ಹಂತಗಳನ್ನು. ಆದರೆ ಸಾಮಾನ್ಯವಾಗಿ ಅಲ್ಲಿ ಮೊದಲಿನ ಎರಡಕ್ಕೆ ದಂಡನೆಯಿಲ್ಲ. ಇಲ್ಲಿ ಮೊದಲನೆಯದಕ್ಕೇ ಬಂಧವುಂಟು.

ಇಷ್ಟನ್ನು ತಿಳಿದು ಕಾವ್ಯಕ್ಕೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಹಿಟ್ಟಿನ ಕೋಳಿಯಲ್ಲ. ಅದಕ್ಕಿಂತ ಹಿಂದಿನ ರಾತ್ರಿ ಒರೆಯಿಂದ ಹೊರಬಂದು ಹಿಂದಕ್ಕೆ ಹೋದ ಕತ್ತಿ. ಅಮೃತಮತಿಯು ಮಾವಟಿಗನಾದ ಅಷ್ಟಾವಂಕನ ಹಾಡಿಗೆ ಸೋತು, ಪಕ್ಕದಲ್ಲಿ ಮಲಗಿದ ಗಂಡನನ್ನು ಬಿಟ್ಟು ಎದ್ದು ಹೋಗುತ್ತಾಳೆ. ಯಶೋಧರನು ಹಿಂದೆಯೇ ಹೋಗುತ್ತಾನೆ. ತಡವಾಗಿ ಬಂದಳೆಂದು ಆ ಕುರೂಪಿಯು ಅವಳನ್ನು ಹೊಡೆಯುವುದನ್ನೂ ಅವಳು ಅದನ್ನು ಸಹಿಸಿ ಅವನನ್ನೇ ಓಲೈಸುವುದನ್ನೂ ಕಣ್ಣಾರೆ ಕಾಣುತ್ತಾನೆ. ಕತ್ತಿಯೆತ್ತುತ್ತಾನೆ, ಹಗೆಗಳ ಮೇಲೆ ನಡೆಯಬೇಕಾದ ಆಯುಧ ಇಂತಹವರ ಮೇಲೆ ನಡೆಯುವುದೇ ಎಂದು ತಡೆದುಕೊಂಡು ಹಿಂದಿರುಗುತ್ತಾನೆ.

ಇಂಗ್ಲಿಷ್ ನ್ಯಾಯಶಾಸ್ತ್ರದಲ್ಲಿ ಉದ್ರೇಕಜನ್ಯ ನರಹತ್ಯೆಗೆ ಹಿಂದಿನಿಂದಲೂ ಮಾದರಿಯೆಂದು ನಿಂತಿದ್ದುದು ನಿಖರವಾಗಿ ಈ ಸಂದರ್ಭವೇ. 1671ರ ಮ್ಯಾನಿಂಗನ ಮೊಕದ್ದಮೆಯಲ್ಲಿ, ಹೆಂಡತಿಯನ್ನೂ ಜಾರನನ್ನೂ ಒಟ್ಟಿಗೆ ಕಂಡ ಗಂಡನು ಕೈಗೆ ಸಿಕ್ಕಿದ ಮಣೆಯಿಂದ ಜಾರನನ್ನು ಹೊಡೆದು ಕೊಂದನು. ನ್ಯಾಯಾಲಯವು ಅದನ್ನು ನರಹತ್ಯೆಯೆಂದು ತೀರ್ಮಾನಿಸಿತು. ಇದಕ್ಕಿಂತ ದೊಡ್ಡ ಪ್ರಚೋದನೆ ಇರಲಾರದೆಂದು, ಕೈಗೆ ಹಾಕುವ ಬರೆಯನ್ನೂ ಮೆಲ್ಲಗೆ ಹಾಕುವಂತೆ ಅಪ್ಪಣೆ ಮಾಡಿತು. ಈ ಮೃದುತ್ವದ ಹಿಂದೆ ಹೆಂಡತಿಯು ಗಂಡನ ಸ್ವತ್ತೆಂಬ ಭಾವನೆಯಿದ್ದುದನ್ನು ಮುಂದಿನವರು ಗುರುತಿಸಿದರು. ಇಂಗ್ಲೆಂಡಿನಲ್ಲಿ 2009ರ ಶಾಸನವು ಹಳೆಯ ಪ್ರಚೋದನೆಯ ವಾದವನ್ನು ರದ್ದುಮಾಡಿ, ಅದರ ಸ್ಥಾನದಲ್ಲಿ ಸ್ವಾಧೀನ ತಪ್ಪುವಿಕೆಯೆಂಬ ಹೊಸ ವಾದವನ್ನು ತಂದಿತು. ದಾಂಪತ್ಯದ್ರೋಹವೊಂದೇ ಅದಕ್ಕೆ ಆಧಾರವಾಗಲಾರದೆಂದೂ ವಿಧಿಸಿತು. ಭಾರತದಲ್ಲಿ ಗಂಭೀರವೂ ಹಠಾತ್ತೂ ಆದ ಪ್ರಚೋದನೆಯೆಂಬ ಮೊದಲನೆಯ ವಿನಾಯಿತಿಯು ಹೊಸ ಸಂಹಿತೆಯಲ್ಲಿಯೂ ಉಳಿದಿದೆ.

ಯಶೋಧರನು ಆ ರಾತ್ರಿ ಕತ್ತಿಯನ್ನು ಇಳಿಸಿದ್ದರೆ ಮ್ಯಾನಿಂಗನ ನ್ಯಾಯಾಧೀಶರು ಅವನಿಗೂ ಬರೆಯನ್ನು ಮೆಲ್ಲಗೆ ಹಾಕಿಸುತ್ತಿದ್ದರು. ಲೋಕವು ಕ್ಷಮಿಸುವ ಆ ಸ್ಥಳದಲ್ಲಿ ಅವನು ಕೊಲ್ಲುವುದಿಲ್ಲ. ಲೋಕದ ಯಾವ ನ್ಯಾಯಾಲಯವೂ ಮೊಕದ್ದಮೆ ಹೂಡಲಾರದ ಇನ್ನೊಂದು ಸ್ಥಳದಲ್ಲಿ ಕೊಲ್ಲುತ್ತಾನೆ. ಈ ಎರಡು ಪ್ರಸಂಗಗಳನ್ನು ಜನ್ನನು ಒಂದರ ಹಿಂದೊಂದಾಗಿ ನಿಲ್ಲಿಸಿರುವುದರಲ್ಲಿ ಕಾವ್ಯದ ನ್ಯಾಯವೆಲ್ಲ ಅಡಗಿದೆ. ಕಥೆಯು ಜನ್ನನಿಗೆ ವಾದಿರಾಜನ ಸಂಸ್ಕೃತ ಕಾವ್ಯದಿಂದ ಬಂದದ್ದು. ಅದಕ್ಕೂ ಹಿಂದೆ 959ರಲ್ಲಿ ಸೋಮದೇವನು ಯಶಸ್ತಿಲಕದಲ್ಲಿ ಹೇಳಿದ್ದು. ಆದುದರಿಂದ ಈ ಕ್ರಮವನ್ನು ಜನ್ನನು ಕಲ್ಪಿಸಿದನೆನ್ನುವಂತಿಲ್ಲ. ಆದರೆ ಕಂದಪದ್ಯದ ಬಿಗಿಯಲ್ಲಿ ವರ್ಣನೆಗಳನ್ನು ಕತ್ತರಿಸಿಹಾಕಿ, ಕತ್ತಿಗೂ ಕೋಳಿಗೂ ನಡುವಿನ ದೂರವನ್ನು ಕುಗ್ಗಿಸಿದ ಯಶಸ್ಸು ಅವನದು. ಸೋಮದೇವನ ವಿಸ್ತಾರದಲ್ಲಿ ಆ ಎರಡನ್ನೂ ಒಂದೇ ನೋಟದಲ್ಲಿ ಹಿಡಿಯುವುದು ಕಷ್ಟ.

ನಡುವೆ ನೆಯ್ದಿಲ ಹೂವಿನ ಪ್ರಸಂಗವೊಂದಿದೆ. ಮಾರನೆಯ ದಿನ ಸರಸವೆಂಬಂತೆ ಯಶೋಧರನು ಹೆಂಡತಿಯನ್ನು ಹೂವಿನಿಂದ ಹೊಡೆಯುತ್ತಾನೆ. ಹಿಂದಿನ ರಾತ್ರಿ ಮಾವಟಿಗನ ಪೆಟ್ಟುಗಳನ್ನು ತಿಂದು ತಾಳಿದವಳು ಈ ಪೆಟ್ಟಿಗೆ ಮೂರ್ಛೆಹೋಗುತ್ತಾಳೆ. ಓದುಗರು ಇದರ ವ್ಯಂಗ್ಯವನ್ನು ಸವಿದು ಮುಂದೆ ಹೋಗುವುದು ವಾಡಿಕೆ. ಆದರೆ ಪೆಟ್ಟಿನ ತೂಕವೆಂಬುದು ದಂಡನ್ಯಾಯದಲ್ಲಿ ದೊಡ್ಡ ವಿಚಾರ. 1876ರಲ್ಲಿ ಬೊಂಬಾಯಿಯ ಹೈಕೋರ್ಟಿನಲ್ಲಿ ನಡೆದ ಗೋವಿಂದನ ಮೊಕದ್ದಮೆಯಲ್ಲಿ, ಹದಿನೆಂಟು ವರ್ಷದ ಗಂಡನೊಬ್ಬನು ಹೆಂಡತಿಯನ್ನು ಒದ್ದು, ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಗುದ್ದಿದ್ದರಿಂದ ಅವಳು ಸತ್ತಳು. ಇಬ್ಬರು ನ್ಯಾಯಾಧೀಶರಿಗೆ ಒಮ್ಮತವಾಗದೆ ಅದು ಮೆಲ್ವಿಲ್ಲನ ಮುಂದೆ ಬಂದಿತು. ಸಾವು ಸಂಭವನೀಯವಾಗಿದ್ದ ಪೆಟ್ಟಿಗೂ ಪ್ರಕೃತಿಯ ಸಾಮಾನ್ಯ ಗತಿಯಲ್ಲಿ ಸಾವನ್ನು ತರಲು ಸಾಕಾದ ಪೆಟ್ಟಿಗೂ ಅವನು ಗೆರೆ ಎಳೆದು, ಇದು ಕೊಲೆಯಲ್ಲ, ನರಹತ್ಯೆಯೆಂದನು. ಆ ಗೆರೆಯು ಪೆಟ್ಟಿನ ಬಲವನ್ನು ಅಳೆಯಿತು. ನೆಯ್ದಿಲ ಹೂವಿಗೆ ಅಂತಹ ತೂಕವಿಲ್ಲ. ಆದರೆ ಅದನ್ನು ಬೀಸಿದ ಕೈಯೊಳಗೆ ರಾತ್ರಿಯ ಕತ್ತಿಯು ಇನ್ನೂ ಇದೆ. ಯಶೋಧರನ ಕೋಪವು ಆರಿಲ್ಲ, ರೂಪ ಬದಲಾಯಿಸಿದೆ ಎಂಬುದನ್ನು ಜನ್ನನು ಇಲ್ಲಿಯೇ ಸೂಚಿಸುತ್ತಾನೆ. ಕೋಳಿಯ ಬಳಿಗೆ ಬರುವ ವೇಳೆಗೆ ಅವನ ಚಿತ್ತವು ಹಿಂಸೆಯಿಂದ ಖಾಲಿಯಾಗಿರಲಿಲ್ಲ.

ಈಗ ಕೋಳಿಯ ವಿಚಾರ. ಕಂಡದ್ದನ್ನು ಕಂಡಂತೆ ತಾಯಿಗೆ ಹೇಳಲಾರದೆ ಯಶೋಧರನು ಅದನ್ನು ಕೆಟ್ಟ ಕನಸೆಂದು ಮರೆಸಿ ಹೇಳುತ್ತಾನೆ. ಕನಸಿನ ಶಾಂತಿಗೆ ದೇವಿಗೆ ಪ್ರಾಣಿಬಲಿಯಾಗಬೇಕೆಂದು ಚಂದ್ರಮತಿಯು ಹೇಳುತ್ತಾಳೆ. ಅವನು ಒಪ್ಪುವುದಿಲ್ಲ. ಹಾಗಾದರೆ ಹಿಟ್ಟಿನ ಕೋಳಿಯಾದರೂ ಆಗಲೆಂದು ಅವಳು ಹಟ ಹಿಡಿಯುತ್ತಾಳೆ, ಒಪ್ಪುತ್ತಾನೆ. ಸೊಗಸಾಗಿ ಮಾಡಿದ ಆ ಬೊಂಬೆಯೊಳಗೆ ಬೆಂತರವೊಂದು ಹೊಕ್ಕು, ಕತ್ತಿ ಬಿದ್ದಾಗ ಕೂಗಿಕೊಳ್ಳುತ್ತದೆ.

ಆಧುನಿಕ ನ್ಯಾಯವಾದಿಯು ಇದನ್ನು ಅಸಂಭವ ಪ್ರಯತ್ನವೆಂಬ ತಲೆಬರಹದ ಕೆಳಗೆ ಇಡಲು ಹೋಗಬಹುದು. ಬರಿದಾದ ಜೇಬಿಗೆ ಕೈಹಾಕಿದ ಕಳ್ಳನೂ ಅಪರಾಧಿಯೆಂದು 1860ರ ಸಂಹಿತೆಯು ದೃಷ್ಟಾಂತವನ್ನು ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ ಬಹಳ ಹೊಯ್ದಾಟದ ಮೇಲೆ 1981ರ ಶಾಸನವು ಅದನ್ನೇ ಒಪ್ಪಿತು. ಆದರೆ ಈ ಹೋಲಿಕೆ ನಿಲ್ಲುವುದಿಲ್ಲ. ಕಳ್ಳನು ಜೇಬಿನಲ್ಲಿ ಹಣವಿದೆಯೆಂದು ನಂಬಿದ್ದನು. ಯಶೋಧರನಿಗೆ ಅದು ಹಿಟ್ಟೆಂದು ಗೊತ್ತು. ಜೀವವಿದೆಯೆಂಬ ಭ್ರಾಂತಿಯೂ ಅವನಿಗಿಲ್ಲ. ಕೊಲ್ಲುವ ಪ್ರಯತ್ನವೆಂದು ಕೂಡ ಹೇಳಲಾಗದು.

ಹಾಗಾದರೆ ಅವನು ಮಾಡಿದ್ದೇನು? ಇಲ್ಲಿ ಬಲಿಯೆಂಬ ಕ್ರಿಯೆಯ ಒಳಕಟ್ಟನ್ನು ನೋಡಬೇಕು. ಹಿಟ್ಟನ್ನು ಹಿಟ್ಟೆಂದೇ ಎಣಿಸಿ ಕೊಯ್ದರೆ ಅದು ಅಡುಗೆಮನೆಯ ಕೆಲಸವಾಗುತ್ತದೆ, ಬಲಿಯಾಗುವುದಿಲ್ಲ. ಬಲಿಯಾಗಬೇಕಾದರೆ ಅದನ್ನು ಕೋಳಿಯೆಂದು ಸಂಕಲ್ಪಿಸಬೇಕು. ಹಾಗೆ ಸಂಕಲ್ಪಿಸಿದ ಕ್ಷಣದಲ್ಲಿ ಕೊಯ್ಯುವವನು ಒಂದು ಜೀವವನ್ನು ಕೊಡಲು ಒಪ್ಪಿದವನಾದನು. ಕೈಯಲ್ಲಿ ಜೀವವಿರಲಿಲ್ಲವೆಂಬುದು ಅವನ ಒಪ್ಪಿಗೆಯನ್ನು ಕಡಿಮೆ ಮಾಡಲಾರದು. ತಾಯಿಯ ಮಾತನ್ನು ಉಳಿಸಿ ಅಹಿಂಸೆಯನ್ನೂ ಉಳಿಸುವ ಉಪಾಯವೆಂದು ಯಶೋಧರನು ತಿಳಿದದ್ದು, ಎರಡರಲ್ಲಿ ಒಂದು ಸುಳ್ಳಾಗದೆ ನಡೆಯಲಾರದ ಉಪಾಯವಾಗಿತ್ತು. ದೇವಿಗೆ ಸುಳ್ಳು ಹೇಳಬೇಕು, ಇಲ್ಲವೆ ಕೊಲೆಯನ್ನು ಮನಸ್ಸಿನಲ್ಲಿ ಮಾಡಬೇಕು. ಬೆಂತರದ ಕೂಗನ್ನು ಅದ್ಭುತರಸಕ್ಕಾಗಿ ಸೇರಿಸಿದ ಅಲಂಕಾರವೆಂದು ಭಾವಿಸುವವರು ಇದನ್ನು ಗಮನಿಸಿಲ್ಲ. ಆ ಕೂಗು ಸಾಕ್ಷ್ಯ. ಒಳಗಿನ ಸಂಕಲ್ಪವನ್ನು ಹೊರಗೆ ಕೇಳುವಂತೆ ಮಾಡಲು ಕಥೆಗೆ ಬೇರೆ ದಾರಿಯಿರಲಿಲ್ಲ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ದಲ್ಲಿ ಕಥೆಯ ಎಷ್ಟೋ ಭಾಗಗಳನ್ನು ಬದಲಾಯಿಸಿದರೂ ಆ ಕೂಗನ್ನು ಬಿಡಲಿಲ್ಲವೆಂಬುದು ಗಮನಾರ್ಹ.

ಜನ್ನನ ಕಾಲಕ್ಕೆ ಸ್ವಲ್ಪವೇ ಈಚೆಗೆ, ಅದೇ 13ನೆಯ ಶತಮಾನದಲ್ಲಿ, ಕನ್ನಡನಾಡಿನ ಇನ್ನೊಂದು ಮೂಲೆಯಲ್ಲಿ ಮಧ್ವಾಚಾರ್ಯರ ಸಂಪ್ರದಾಯವು ಯಜ್ಞಕ್ಕೆ ಪಿಷ್ಟಪಶುವನ್ನು ಸಮರ್ಥಿಸಿತು. ಜೀವವಿಲ್ಲದ ಪಶುವಿನಿಂದ ಹಿಂಸೆಯಿಲ್ಲದ ಯಜ್ಞ ಸಾಧ್ಯವೆಂಬುದು ಅಲ್ಲಿನ ನಿಲುವು. ವಸ್ತುವೊಂದೇ, ಹಿಟ್ಟು. ಒಂದು ಕಡೆ ಅದು ಕರುಣೆಯ ಮಾರ್ಗ, ಇನ್ನೊಂದು ಕಡೆ ನರಕದ ಬಾಗಿಲು. ಲೋಕಹಿತದ ದೃಷ್ಟಿಯಿಂದ ಪಿಷ್ಟಪಶುವಿನ ಪಕ್ಷವೇ ಬಲವಾದದ್ದೆಂದು ಒಪ್ಪಬೇಕಾಗುತ್ತದೆ, ಏಕೆಂದರೆ ಆಡು ಬದುಕುತ್ತದೆ. ಜನ್ನನ ದೃಷ್ಟಿ ಆಡಿನ ಮೇಲಿಲ್ಲ, ಕೊಯ್ಯುವವನ ಮೇಲಿದೆ. ಮನುಷ್ಯನ ಚಿತ್ತಶುದ್ಧಿಗೆ ಇಷ್ಟು ಕಟ್ಟುನಿಟ್ಟು ಬೇಕೆನ್ನುವುದು ರಾಜನೀತಿಯಾಗಲಾರದು. ಹಾಗೆ ಆಗಬೇಕೆಂದು ಜನ್ನನೂ ಎಲ್ಲಿಯೂ ಹೇಳಿಲ್ಲ.

ತಾಯಿಗೂ ಮಗನಿಗೂ ಸಮನಾದ ಭವಾವಳಿ ಏಕೆಂಬುದಕ್ಕೂ ಇಲ್ಲಿ ಉತ್ತರವುಂಟು. ಮಾಡಿದವನು, ಮಾಡಿಸಿದವನು, ಒಪ್ಪಿದವನು ಎಂಬ ಮೂವರಿಗೂ ಪಾಲುಂಟೆಂಬ ಮಾತು ಜೈನರಿಗೆ ಮಾತ್ರ ಸೇರಿದ್ದಲ್ಲ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರೆಯನ್ನು ಬರೆದ ವಿಜ್ಞಾನೇಶ್ವರನು ಪ್ರಾಯಶ್ಚಿತ್ತದ ಭಾಗದಲ್ಲಿ ಕೊಲೆಗಾರನೆಂಬ ಮಾತನ್ನು ಬಿಡಿಸುತ್ತ, ನೇರವಾಗಿ ಕೊಂದವನ ಜೊತೆಗೆ ಪ್ರೇರಿಸಿದವನನ್ನೂ, ಅನುಮತಿಯಿತ್ತವನನ್ನೂ, ನೆರವಾದವನನ್ನೂ, ಕಡೆಗೆ ನಿಮಿತ್ತನಾದವನನ್ನೂ ಸೇರಿಸುತ್ತಾನೆ. ಚಂದ್ರಮತಿಯು ಪ್ರೇರಕಿ, ಯಶೋಧರನು ಕರ್ತೃ.

ಕೋ಼ಳಿಯ ಮಾತು ಇಲ್ಲಿಗೆ ಮುಗಿಯುವುದಿಲ್ಲ. ಇಂಗ್ಲಿಷ್ ನ್ಯಾಯಚರಿತ್ರೆಯಲ್ಲಿಯೂ ಕೋಳಿಯೊಂದು ಕೂತಿದೆ. 1644ರಲ್ಲಿ ಪ್ರಕಟವಾದ ಕೋಕ್‌ನ ಗ್ರಂಥದಲ್ಲಿ, ಪರರ ಸಾಕುಕೋಳಿಗೆ ಬಾಣ ಬಿಟ್ಟವನ ಗುರಿ ತಪ್ಪಿ ಮನುಷ್ಯನೊಬ್ಬನು ಸತ್ತರೆ ಅದು ಕೊಲೆಯೆಂದಿದೆ. ಮಾಡಹೊರಟ ಕೆಲಸವೇ ಅಕ್ರಮವಾದ್ದರಿಂದ ಅದರಿಂದ ಬಂದ ಸಾವಿಗೆ ಅವನೇ ಹೊಣೆ. ಮುಂದೆ 1762ರಲ್ಲಿ ಫಾಸ್ಟರನು ಇದನ್ನು ಸಡಿಲಿಸಿದನು. ಕದಿಯುವ ಉದ್ದೇಶವಿದ್ದರೆ ಕೊಲೆ, ಬರಿಯ ಹುಡುಗಾಟವಾಗಿದ್ದರೆ ನರಹತ್ಯೆ. ಕೋಳಿಯನ್ನು ಕದಿಯುವ ಬಯಕೆಯು ಮನುಷ್ಯನ ಸಾವನ್ನು ಹೇಗೆ ಹೆಚ್ಚು ಪಾಪವಾಗಿಸುತ್ತದೆಂದು ಕೇಳಿ ನಗುವ ಹಕ್ಕು ಯಾರಿಗಾದರೂ ಉಂಟು. ಭಾರತದ ಸಂಹಿತೆಯನ್ನು ರಚಿಸಿದವರಿಗೂ ಆ ನಗೆ ಬಂದಿರಬೇಕು. 299ನೆಯ ಕಲಮಿನ ಕಡೆಯ ದೃಷ್ಟಾಂತದಲ್ಲಿ ಕೋಳಿಯನ್ನು ಕೊಂದು ಕದಿಯಲು ಗುಂಡು ಹಾರಿಸಿದವನು, ಪೊದೆಯ ಹಿಂದಿದ್ದವನನ್ನು ಅರಿಯದೆ ಕೊಂದರೆ, ದಂಡನಾರ್ಹ ನರಹತ್ಯೆಯ ದೋಷಿಯಲ್ಲವೆಂದು ಅವರು ಬರೆದರು. ಇಂಗ್ಲೆಂಡಿನಲ್ಲಿ ಹಳೆಯ ಆರೋಪಿತ ದುರುದ್ದೇಶದ ನಿಯಮವು ಪೂರ್ತಿಯಾಗಿ ಹೋದದ್ದು 1957ರ ಶಾಸನದಿಂದ.

ಈ ದೃಷ್ಟಾಂತವನ್ನು ಓದಿದವನಿಗೆ ಯಶೋಮತಿಯ ಬಾಣವು ನೆನಪಾಗದಿರದು. ಯಶೋಧರನ ಮಗನಾದ ಯಶೋಮತಿಯು ರಾಣಿ ಕುಸುಮಾವಳಿಯ ಮುಂದೆ ತನ್ನ ಶಬ್ದವೇಧಿಯ ಬಿನ್ನಣವನ್ನು ಮೆರೆಯಲು, ಎಲ್ಲಿಂದಲೋ ಕೇಳಿಬಂದ ಕೋಳಿಯ ಕೂಗಿಗೆ ಬಾಣ ಬಿಡುತ್ತಾನೆ. ಆ ಕೂಗು ಮುನಿಯ ಧರ್ಮೋಪದೇಶವನ್ನು ಕೇಳಿ ಪೂರ್ವಭವವನ್ನು ನೆನೆದ ಎರಡು ಕೋಳಿಗಳ ಹರ್ಷದ ಕೂಗು. ಸತ್ತವರು ಅವನ ತಂದೆ ಮತ್ತು ಅಜ್ಜಿ. ಕೋಕ್‌ನ ಬೇಟೆಗಾರನಂತೆ ಅವನು ಗುರಿಯಿಟ್ಟದ್ದು ಕೋಳಿಗೆ. ಬಿದ್ದದ್ದು ತನ್ನವರ ಮೇಲೆ. ಕೋಕ್ ಅವನನ್ನು ಪಿತೃಹಂತಕನೆಂದು ನೇಣಿಗೆ ಹಾಕುತ್ತಿದ್ದನು, ಮೆಕಾಲೆ ಬಿಟ್ಟುಬಿಡುತ್ತಿದ್ದನು. ಜನ್ನನು ಎರಡನ್ನೂ ಮಾಡುವುದಿಲ್ಲ. ಯಶೋಮತಿಯು ಮುಂದೆ ಸುದತ್ತಾಚಾರ್ಯನಿಂದ ನಡೆದುದನ್ನು ತಿಳಿದು, ತಲ್ಲಣಿಸಿ, ದೀಕ್ಷೆ ಪಡೆಯುತ್ತಾನೆ. ಅರಿಯದೆ ಮಾಡಿದ್ದಕ್ಕೆ ಅರಿವೇ ದಂಡವೂ ಬಿಡುಗಡೆಯೂ ಆಯಿತು. ಅರಿತು ಹಿಟ್ಟನ್ನು ಕೊಯ್ದವನಿಗೆ ಜನ್ಮಜನ್ಮಗಳು ಬೇಕಾದವು; ಅರಿಯದೆ ಜೀವವನ್ನು ಕೊಂದವನಿಗೆ ಒಂದು ಮಾತು ಸಾಕಾಯಿತು. ಜನ್ನನ ತಕ್ಕಡಿ ಕೆಟ್ಟಿಲ್ಲ. ಆಕ್ಷೇಪಿಸುವವರು ಶವಗಳನ್ನು ಎಣಿಸುತ್ತಿದ್ದಾರೆ, ಅವನು ಸಂಕಲ್ಪಗಳನ್ನು ತೂಗುತ್ತಿದ್ದಾನೆ.

ಹಾಗೆಂದು ಕಾವ್ಯದಲ್ಲಿ ಲೋಪವೇ ಇಲ್ಲವೆನ್ನುವಂತಿಲ್ಲ. ಅಮೃತಮತಿಯು ಅತ್ತೆಗೂ ಗಂಡನಿಗೂ ವಿಷದ ಊಟವಿಕ್ಕಿದ್ದು ಯಾವ ನ್ಯಾಯಶಾಸ್ತ್ರದಲ್ಲಿಯೂ ಶುದ್ಧವಾದ ಕೊಲೆ. ವಿಷವೆಂದರೆ ಪೂರ್ವಸಂಕಲ್ಪಕ್ಕೆ ಬೇರೆ ಸಾಕ್ಷ್ಯ ಬೇಡವೆಂದು ಇಂಗ್ಲಿಷ್ ನ್ಯಾಯಾಧೀಶರೂ ತಿಳಿದಿದ್ದರು. ಆದರೆ ಸಂಕಲ್ಪವನ್ನೇ ತೂಗುವ ಕವಿಯು ಕಾವ್ಯದ ಅತ್ಯಂತ ಗಟ್ಟಿಯಾದ ಸಂಕಲ್ಪದ ಮುಂದೆ ಕಣ್ಣು ತಿರುಗಿಸಿಕೊಂಡಿದ್ದಾನೆ. ಹಾಡಿಗೆ ಸೋತ ಅಮೃತಮತಿಯ ಮನಸ್ಸನ್ನು ಅಷ್ಟು ನಿರ್ಭಯವಾಗಿ ಚಿತ್ರಿಸಿದ ಜನ್ನನು ವಿಷ ಬೆರೆಸುವ ಅಮೃತಮತಿಯ ಮನಸ್ಸನ್ನು ತೋರಿಸುವುದಿಲ್ಲ. ಗಂಡನಿಗೆ ಗುಟ್ಟು ತಿಳಿಯಿತೆಂಬ ಭಯವೋ, ಕತ್ತಿಯು ಇಂದಲ್ಲ ನಾಳೆ ಮತ್ತೆ ಹೊರಬರುವುದೆಂಬ ಆತ್ಮರಕ್ಷಣೆಯೋ, ಮಾವಟಿಗನ ಮೇಲಿನ ಮೋಹವೋ? ಅವಳ ವಿಚಾರಣೆ ನಡೆಯದೆಯೇ ತೀರ್ಪು ಬಂದಿದೆ. ಇದು ಕಾವ್ಯದ ನಿಜವಾದ ಕೊರತೆ. ಹಿಟ್ಟಿನ ಕೋಳಿಯ ಮೇಲಿನ ಆಕ್ಷೇಪಣೆಯು ಈ ಕೊರತೆಯನ್ನು ಮರೆಮಾಡಿದೆ.

ಯಶೋಧರ ಚರಿತೆಯ ರಚನೆ 1209ರಲ್ಲಿ. ಅನಂತನಾಥ ಪುರಾಣವು 1230ರಲ್ಲಿ. ಈ ಇಪ್ಪತ್ತೊಂದು ವರ್ಷಗಳಲ್ಲಿ ಜನ್ನನು ವೀರಬಲ್ಲಾಳನ ಆಸ್ಥಾನದಿಂದ ನರಸಿಂಹನ ಆಸ್ಥಾನಕ್ಕೆ ಬಂದು, ಕವಿಯಾಗಿರುವುದರ ಜೊತೆಗೆ ದಂಡಾಧೀಶನೂ ಮಂತ್ರಿಯೂ ಆಗಿದ್ದನು. ದಂಡವನ್ನು ಕೈಯಲ್ಲಿ ಹಿಡಿದ ಮೇಲೆ ಬರೆದ ಈ ಎರಡನೆಯ ಕಾವ್ಯದ ಚಂಡಶಾಸನನ ವೃತ್ತಾಂತದಲ್ಲಿ ಅವನು ಅದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಎತ್ತಿಕೊಳ್ಳುತ್ತಾನೆ. ಚಂಡಶಾಸನನು ಗೆಳೆಯ ವಸುಷೇಣನ ಮನೆಗೆ ಅತಿಥಿಯಾಗಿ ಬಂದು ಅವನ ರಾಣಿ ಸುನಂದೆಯನ್ನು ಮೋಹಿಸಿ ಕದ್ದೊಯ್ಯುತ್ತಾನೆ. ಅವಳು ಬಾಗಲಿಲ್ಲ. ಗಂಡನ ಆಸೆಯನ್ನು ಬಿಡಿಸಿದರೆ ಒಲಿದಾಳೆಂದು, ವಸುಷೇಣನದೆಂದು ತೋರುವ ಕೃತಕವಾದ ತಲೆಯನ್ನು ಅವಳ ಮುಂದೆ ಇಡಿಸುತ್ತಾನೆ. ಅದನ್ನು ಕಂಡೊಡನೆ ಸುನಂದೆಯ ಪ್ರಾಣ ಹೋಗುತ್ತದೆ.

ಯಾರೂ ಅವಳನ್ನು ಮುಟ್ಟಲಿಲ್ಲ. ಹೇಲ್ ಎಂಬ 17ನೆಯ ಶತಮಾನದ ನ್ಯಾಯಾಧೀಶನು ಇಂತಹ ಸಾವನ್ನು ಕುರಿತು ವಿಚಾರಮಾಡಿದ್ದನು. ಮನಸ್ಸಿನ ಮೇಲೆ ಆಘಾತವನ್ನುಂಟುಮಾಡಿ ಶೋಕದಿಂದಲೋ ಭಯದಿಂದಲೋ ಒಬ್ಬನನ್ನು ಸಾಯಿಸಿದರೆ ದೇವರ ಮುಂದೆ ಅದು ಕೊಲೆಯಾಗಬಹುದಾದರೂ, ಹೊರಗಿನ ಹಿಂಸಾಕೃತ್ಯವಿಲ್ಲದ್ದರಿಂದ ಮನುಷ್ಯರ ನ್ಯಾಯಾಲಯವು ಅದನ್ನು ವಿಚಾರಿಸಲಾರದೆಂಬುದು ಅವನ ಅಭಿಪ್ರಾಯ. ಮೆಕಾಲೆ ಇದನ್ನು ಒಪ್ಪಲಿಲ್ಲ. ಕಠಿನವಾದ ಕಾಯಿಲೆಯಲ್ಲಿರುವವನಿಗೆ ಸಾಯಲೆಂದೇ ತಲ್ಲಣದ ಸುದ್ದಿಯನ್ನು ಹೇಳಿ ಅವನು ಸತ್ತರೆ ಅದೂ ನರಹತ್ಯೆಯೇ ಎಂದು 1837ರ ಕರಡಿನಲ್ಲಿ ದೃಷ್ಟಾಂತವಿತ್ತು. ಇಂಗ್ಲೆಂಡಿನ ನ್ಯಾಯಾಲಯಗಳೂ ಹೇಲನ ಗೆರೆಯನ್ನು ಮೆಲ್ಲಮೆಲ್ಲನೆ ದಾಟಿದವು. ಬೆದರಿಸುತ್ತ ಅಟ್ಟಿಸಿಕೊಂಡು ಹೋದಾಗ ಕುಸಿದು ಸತ್ತ ಹೆಂಡತಿಯ ವಿಷಯದಲ್ಲಿ 1908ರ ಹೇವರ್ಡನ ಮೊಕದ್ದಮೆಯು ಗಂಡನನ್ನು ನರಹತ್ಯೆಯ ದೋಷಿಯೆಂದಿತು.

ಚಂಡಶಾಸನನು ಸುನಂದೆಯ ಸಾವನ್ನು ಬಯಸಲಿಲ್ಲ. ಅವನು ಬಯಸಿದ್ದು ಅವಳು ಬದುಕಿ ತನ್ನವಳಾಗುವುದನ್ನು. ಆದುದರಿಂದ ಮೆಕಾಲೆಯ ದೃಷ್ಟಾಂತವೂ ಅವನಿಗೆ ಸರಿಯಾಗಿ ತಗಲುವುದಿಲ್ಲ. ಇಂಗ್ಲಿಷ್ ನ್ಯಾಯವು ಹೆಚ್ಚೆಂದರೆ ಅಪಹರಣದ ಅಕ್ರಮವನ್ನು ಹಿಡಿದು ನರಹತ್ಯೆಯೆಂದೀತು. ವಿಜ್ಞಾನೇಶ್ವರನ ಪಟ್ಟಿಯಲ್ಲಿ ಮಾತ್ರ ಅವನಿಗೆ ಹತ್ತಿರವಾದ ಸ್ಥಾನವೊಂದಿದೆ. ಬೈದು, ಹೊಡೆದು, ಧನವನ್ನು ಅಪಹರಿಸಿ, ಇನ್ನೊಬ್ಬನು ಪ್ರಾಣ ಬಿಡುವಂತೆ ಮಾಡಿದ ನಿಮಿತ್ತಿಯ ಸ್ಥಾನ ಅದು. ಯಶೋಧರ ಚರಿತೆಯ ಕವಿಯಾಗಿದ್ದರೆ ಚಂಡಶಾಸನನನ್ನು ಇಲ್ಲಿಂದಲೇ ಭವಾವಳಿಗೆ ಕಳುಹಿಸುತ್ತಿದ್ದನು. ಅನಂತನಾಥ ಪುರಾಣದ ಕವಿಯು ಹಾಗೆ ಮಾಡದೆ ಸತ್ತ ಸುನಂದೆಯ ಪಕ್ಕದಲ್ಲಿ ಅವನನ್ನು ನಿಲ್ಲಿಸಿ ನೋಡುತ್ತಾನೆ. ಕೊಲ್ಲುವ ಸಂಕಲ್ಪವಿಲ್ಲದೆ ಕೊಂದವನಿಗೆ, ಕೊಂದದ್ದು ತಾನೇ ಎಂದು ತಿಳಿದ ಗಳಿಗೆ ಅದು. ಮುತ್ತಿಗೆ ಹಾಕಿದ ವಸುಷೇಣನ ಸೇನೆ ಹೊರಗಿದೆ. ಅದು ಒಳಗೆ ಬಂದು ದಂಡಿಸುವವರೆಗೆ ಚಂಡಶಾಸನನು ಕಾಯುವುದಿಲ್ಲ. ಅವಳ ದೇಹದೊಡನೆ ತಾನೂ ಚಿತೆಗೆ ಬೀಳುತ್ತಾನೆ.